ಒಂದೇ ಬಣ್ಣದ ಗಂಡಭೇರುಂಡ: ಮಕ್ಕಳ ಚಿತ್ರ ನೋಡಿ ಏನು ಹೇಳಬೇಕು?



ನಮ್ಮ ದೇವಸ್ಥಾನದ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಈ ಬಾರಿ ಒಂದು ಹೊಸ ಕೆಲಸ ಕೊಟ್ಟಿದ್ದೆವು. ನಮ್ಮ ನಾಡಿನ ದೇವಾಲಯಗಳ ಕಲ್ಲಿನಲ್ಲಿ ಕಾಣುವ ಕಲ್ಪನೆಯ ಪ್ರಾಣಿಗಳಲ್ಲಿ ಒಂದನ್ನು, ಅಂದರೆ ಮಕರ, ಯಾಳಿ ಅಥವಾ ಗಂಡಭೇರುಂಡವನ್ನು, ಬರೀ ಕಪ್ಪು ಪೆನ್ನಿನಲ್ಲಿ ಬರೆದು ತರಬೇಕು. ಬಣ್ಣ ಬೇಡ ಎಂದಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಈ ವಾರ್ತಾಪತ್ರ ಅಚ್ಚಾಗುವುದೇ ಕಪ್ಪು-ಬಿಳುಪಿನಲ್ಲಿ!

ಮಕ್ಕಳು ಉತ್ಸಾಹದಿಂದ ಬರೆದು ತಂದರು. ಎಡವಿದ್ದು ನಾವು.

ಒಂಬತ್ತು ವರ್ಷದ ಒಬ್ಬ ಹುಡುಗಿ ಗಂಡಭೇರುಂಡ ಬರೆದು ತಂದಿದ್ದಳು. ಎರಡು ಹಕ್ಕಿ ತಲೆ, ಆದರೆ ಮೈ ಮಾತ್ರ ಮನುಷ್ಯನದು. ಆಫೀಸಿನಲ್ಲಿ ದಿನವೂ ಇನ್ನೊಬ್ಬರ ಕೋಡ್ ರಿವ್ಯೂ ಮಾಡಿ ಅಭ್ಯಾಸವಾಗಿರುವ ನಾವು, ಅದೇ ಧಾಟಿಯಲ್ಲಿ ಹತ್ತು ತಪ್ಪು ಪಟ್ಟಿ ಮಾಡಿ ಹೇಳಿದೆವು. ಮೊದಲನೆಯದು, "ಗಂಡಭೇರುಂಡಕ್ಕೆ ಮನುಷ್ಯರ ಕೈಕಾಲು ಇರುವುದಿಲ್ಲ" ಎಂದು. ಅವಳು ತಲೆ ಆಡಿಸಿ ಪುಸ್ತಕ ಮುಚ್ಚಿದಳು. ಮುಂದಿನ ಎರಡು ಭಾನುವಾರ ಪುಸ್ತಕವನ್ನೇ ತರಲಿಲ್ಲ. ವಿಚಾರಿಸಿದಾಗ ಅವಳ ತಾಯಿ ಹೇಳಿದರು: ರಜೆಯಲ್ಲಿ ಊರಿಗೆ ಹೋದಾಗ ತಾತ ಅವಳನ್ನು ಬಳ್ಳಿಗಾವೆಗೆ ಕರೆದುಕೊಂಡು ಹೋಗಿದ್ದರಂತೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಒಂದು ಕಂಬವಿದೆ. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮೈಸೂರು ಅರಸರ ಲಾಂಛನದಲ್ಲಿ, ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿ, ಕೆಳದಿಯ ರಾಮೇಶ್ವರ ದೇವಾಲಯದ ಒಳಛಾವಣಿಯಲ್ಲಿ ಇರುವುದು ಪೂರ್ತಿ ಹಕ್ಕಿ. ಎರಡೂ ಗಂಡಭೇರುಂಡವೇ. ಹುಡುಗಿ ಕಣ್ಣಾರೆ ಕಂಡದ್ದನ್ನು ಬರೆದಿದ್ದಳು. ನಾವು ಕಾಣದೆ ತಿದ್ದಿದ್ದೆವು.

ಈ ಲೇಖನ ಹುಟ್ಟಿದ್ದು ಹಾಗೆ. ಆಮೇಲೆ ನಾವು ಶಿಕ್ಷಕರೆಲ್ಲ ಕೂತು ಮಾಡಿಕೊಂಡ ಪಾಠವನ್ನು ತಂದೆತಾಯಂದಿರ ಮುಂದೆ ಇಡುತ್ತಿದ್ದೇವೆ.

1. ಮೊದಲು ಕೇಳಿ, ಆಮೇಲೆ ಹೇಳಿ

"ಇದು ಯಾವ ಪ್ರಾಣಿ? ಏನು ಮಾಡುತ್ತಿದೆ? ನಿನಗೆ ಇದರಲ್ಲಿ ಯಾವ ಜಾಗ ಇಷ್ಟ? ಎಲ್ಲಿ ಕಷ್ಟವಾಯಿತು?" ಈ ನಾಲ್ಕು ಪ್ರಶ್ನೆ ಸಾಕು. ಕಲ್ಪನೆಯ ಪ್ರಾಣಿಯಲ್ಲಿ "ಹೀಗೆ ಇರುವುದಿಲ್ಲ" ಎಂಬ ಮಾತಿಗೆ ಬೆಲೆ ಕಡಿಮೆ. ಹೊಯ್ಸಳರ ಮಕರವನ್ನೇ ನೋಡಿ. ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಬಾಲ ನವಿಲಿನಂಥದು. ಯಾರಾದರೂ ಆ ಶಿಲ್ಪಿಗೆ "ಮೊಸಳೆಗೆ ಸೊಂಡಿಲು ಎಲ್ಲಿಂದ ಬಂತು?" ಎಂದು ಕೇಳಿ ಉಳಿ ಕೆಳಗಿಡಿಸಿದ್ದರೆ ಹಳೇಬೀಡಿನ ಗೋಡೆಯಲ್ಲಿ ಒಂದು ಸಾಲು ಕಡಿಮೆಯಾಗುತ್ತಿತ್ತು.

ಪ್ರಶ್ನೆ ಕೇಳಿದರೆ ಇನ್ನೊಂದು ಲಾಭವಿದೆ. ಮಗು ಬೇಕೆಂದೇ ಮಾಡಿದ್ದು ಯಾವುದು, ಕೈ ತಪ್ಪಿ ಆದದ್ದು ಯಾವುದು ಎಂದು ತಿಳಿಯುತ್ತದೆ. ಸಹಾಯ ಬೇಕಾಗಿರುವುದು ಎರಡನೆಯದಕ್ಕೆ ಮಾತ್ರ.

2. ಒಂದೇ ಬಣ್ಣದಲ್ಲಿ ಏನನ್ನು ನೋಡಬೇಕು?

ಬಣ್ಣವಿದ್ದರೆ ಹಸಿರು ರೆಕ್ಕೆ, ಕೆಂಪು ಮೈ ಎಂದು ಬೇರೆ ಮಾಡಬಹುದು. ಒಂದೇ ಬಣ್ಣವಿದ್ದಾಗ ಆ ಕೆಲಸವನ್ನು ಗೆರೆ ಮತ್ತು ನೆರಳು ಮಾಡಬೇಕು. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿಗೂ ಒಂದೇ ಬಣ್ಣ. ಅವರು ಆಳವಾಗಿ ಕೊರೆದು ನೆರಳು ಬೀಳಿಸಿಯೇ ಒಂದು ಬಳ್ಳಿಯನ್ನು ಇನ್ನೊಂದರಿಂದ ಬಿಡಿಸಿ ತೋರಿಸಿದರು. ಪೆನ್ನಿನಲ್ಲಿ ನಾವು ಪರೀಕ್ಷಿಸಬಹುದಾದದ್ದು ಇಷ್ಟು:

ಹೊರ ಆಕಾರ: ಪ್ರಾಣಿಯ ಒಳಗೆಲ್ಲ ಕಪ್ಪು ತುಂಬಿದ್ದೇವೆ ಎಂದುಕೊಳ್ಳಿ. ಆಗಲೂ ಸೊಂಡಿಲು ಸೊಂಡಿಲಾಗಿಯೇ ಕಾಣುತ್ತದೆಯೇ? ಅದು ಮೈಯ ಮೇಲೆಯೇ ಮಡಚಿ ಬಿದ್ದಿದ್ದರೆ ಕಾಣುವುದಿಲ್ಲ. ಹೊರಕ್ಕೆ ಚಾಚಿದರೆ ಕಾಣುತ್ತದೆ.

ಕಪ್ಪು-ಬಿಳಿ ಹಂಚಿಕೆ: ಕಣ್ಣು ಕಿರಿದು ಮಾಡಿ ನೋಡಿ. ಚಿತ್ರವೆಲ್ಲ ಒಂದೇ ಬೂದು ಬಣ್ಣವಾಗಿ ಕಂಡರೆ ನೆರಳು ಎಲ್ಲ ಕಡೆ ಸಮವಾಗಿ ಹರಡಿದೆ ಎಂದರ್ಥ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮಗುವನ್ನು ಕೇಳಿ, ಆ ಕಡೆ ಕಾಗದವನ್ನು ಖಾಲಿ ಬಿಡಲು ಹೇಳಿ. ಖಾಲಿ ಕಾಗದವೇ ಇಲ್ಲಿ ಬಿಳಿ ಬಣ್ಣ.

ಗೆರೆಯ ಬಗೆ: ಗರಿಗೆ, ಚಿಪ್ಪಿಗೆ, ಕೂದಲಿಗೆ ಒಂದೇ ರೀತಿಯ ಗೆರೆ ಎಳೆದರೆ ಎಲ್ಲವೂ ಒಂದೇ ಬಟ್ಟೆಯಿಂದ ಹೊಲಿದಂತೆ ಕಾಣುತ್ತದೆ. ಜರ್ಮನಿಯ ಡ್ಯೂರರ್ ಎಂಬ ಕಲಾವಿದ 1515ರಲ್ಲಿ ಭಾರತದಿಂದ ಲಿಸ್ಬನ್ನಿಗೆ ಬಂದ ಖಡ್ಗಮೃಗವನ್ನು ಕಣ್ಣಿನಿಂದ ನೋಡದೆಯೇ ಮರದಚ್ಚಿನ ಚಿತ್ರ ಮಾಡಿದ. ಬೆನ್ನ ಮೇಲೆ ಇಲ್ಲದ ಒಂದು ಕೊಂಬನ್ನೂ ಸೇರಿಸಿದ! ಆದರೂ ಮೈಯ ಕವಚ ಬೇರೆ, ಕಾಲಿನ ಚಿಪ್ಪು ಬೇರೆ ಎಂದು ಬರೀ ಗೆರೆಯಿಂದಲೇ ನಮಗೆ ತಿಳಿಯುತ್ತದೆ.

ಕೀಲುಗಳು: ಪ್ರಾಣಿ ಕಲ್ಪನೆಯದಾದರೂ ಅದು ನಿಲ್ಲಬೇಕು, ನಡೆಯಬೇಕು. ರೆಕ್ಕೆ ಮೈಗೆ ಎಲ್ಲಿ ಸೇರುತ್ತದೆ? ಎರಡು ಕತ್ತು ಒಂದೇ ಭುಜದಿಂದ ಹೇಗೆ ಕವಲೊಡೆಯುತ್ತದೆ? ಸಿಂಹದ ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವುದು ಮಂಡಿಯಲ್ಲ, ಅದು ಹಿಮ್ಮಡಿ. ಮಂಡಿ ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಇದೊಂದು ವಿಷಯ ತಿಳಿದ ಮೇಲೆ ನಮ್ಮ ತರಗತಿಯ ಯಾಳಿಗಳೆಲ್ಲ ನೆಟ್ಟಗೆ ನಿಂತವು.

3. ಹೇಳುವ ಮಾತು ಹೇಗಿರಬೇಕು?

"ತುಂಬಾ ಚೆನ್ನಾಗಿದೆ" ಎನ್ನುವುದು ಪ್ರೀತಿಯ ಮಾತು, ಆದರೆ ಅದರಿಂದ ಮಗುವಿಗೆ ಮುಂದೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. "ರೆಕ್ಕೆ ಸರಿಯಿಲ್ಲ" ಎಂದರೂ ಅಷ್ಟೇ. ನಾವೀಗ ಮೂರು ಭಾಗದಲ್ಲಿ ಹೇಳುತ್ತೇವೆ: ಏನು ಕಾಣುತ್ತಿದೆ, ಅದರಿಂದ ಏನಾಗುತ್ತಿದೆ, ಏನು ಮಾಡಿ ನೋಡಬಹುದು.

ಉದಾಹರಣೆಗೆ: "ಎಡಗಡೆಯ ರೆಕ್ಕೆಯೂ ಹಿಂದಿನ ಕಂಬವೂ ಒಂದೇ ಕಪ್ಪಾಗಿವೆ. ಅದರಿಂದ ರೆಕ್ಕೆಯ ತುದಿ ನನಗೆ ಸಿಗುತ್ತಿಲ್ಲ. ಕಂಬದ ಗೆರೆಗಳನ್ನು ರೆಕ್ಕೆಗೆ ಸ್ವಲ್ಪ ಮೊದಲೇ ನಿಲ್ಲಿಸಿದರೆ ಹೇಗೆ?" ಇಲ್ಲಿ ಮಾತು ಕಾಗದದ ಒಂದು ಜಾಗದ ಬಗ್ಗೆ. ಮಗುವಿನ ಬಗ್ಗೆ ಅಲ್ಲ.

ಮೆಚ್ಚುವಾಗಲೂ ಹಾಗೆಯೇ ಬೆರಳಿಟ್ಟು ತೋರಿಸಿ: "ಕೊಕ್ಕಿನ ಕೆಳಗೆ ಗೆರೆ ದಪ್ಪ ಮಾಡಿದ್ದೀಯ, ಅದಕ್ಕೇ ಕೊಕ್ಕು ಮುಂದೆ ಬಂದ ಹಾಗಿದೆ." ಹಾಗೆಂದರೆ ಮಗು ಅದನ್ನು ಇನ್ನೊಮ್ಮೆ ಬೇಕೆಂದೇ ಮಾಡುತ್ತದೆ.

ಒಂದು ಸಲಕ್ಕೆ ಒಂದು, ಹೆಚ್ಚೆಂದರೆ ಎರಡು ಸಲಹೆ. ಹತ್ತು ಕಂಡರೆ ದೊಡ್ಡದನ್ನು ಆರಿಸಿ, ಉಳಿದದ್ದು ಮುಂದಿನ ಚಿತ್ರಕ್ಕಿರಲಿ. ಪೆನ್ನಿನ ಗೆರೆಯನ್ನು ಅಳಿಸಲು ಆಗುವುದಿಲ್ಲ ಎಂಬುದೂ ನೆನಪಿರಲಿ. ಮಗುವಿನ ಕಾಗದದ ಮೇಲೆ ನಾವು ಗೆರೆ ಎಳೆಯಲೇಬಾರದು. ತೋರಿಸಲೇಬೇಕಾದರೆ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತೋರಿಸಿ, ಆಮೇಲೆ ತೆಗೆದುಬಿಡಿ. ಚಿತ್ರ ಅವರದಾಗಿಯೇ ಉಳಿಯುತ್ತದೆ.

4. ಆಮೇಲೆ ಏನಾಯಿತು?

ಮೂರನೆಯ ಭಾನುವಾರ ನಾವು ಬಳ್ಳಿಗಾವೆಯ ಕಂಬದ ಫೋಟೋ ಹಿಡಿದುಕೊಂಡು ಹೋಗಿ, "ನೀನು ಬರೆದದ್ದೇ ಸರಿ, ನಮಗೆ ಗೊತ್ತಿರಲಿಲ್ಲ" ಎಂದು ತರಗತಿಯ ಮುಂದೆಯೇ ಹೇಳಿದೆವು. ಅವಳು ಏನೂ ಹೇಳಲಿಲ್ಲ. ಅದರ ಮುಂದಿನ ವಾರ ಪುಸ್ತಕ ತಂದಳು. ಈ ಸಲ ನಾವು ಪ್ರಶ್ನೆ ಮಾತ್ರ ಕೇಳಿದೆವು: "ಎಲ್ಲಿ ಕಷ್ಟವಾಯಿತು?" ತುಸು ಹೊತ್ತು ಚಿತ್ರ ನೋಡಿ, "ಎರಡು ಕತ್ತು ಸೇರೋ ಜಾಗ. ಅಲ್ಲಿ ನೆರಳು ಇಲ್ಲ, ಅಂಟಿಸಿದ ಹಾಗಿದೆ" ಎಂದಳು. ನಾವು ಮಾಡಿದ್ದ ಹತ್ತು ತಪ್ಪುಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ!

ಮುಂದಿನ ತಿಂಗಳಿಡೀ ಮಕ್ಕಳ ಚಿತ್ರಗಳು ಊಟದ ಹಾಲಿನ ಗೋಡೆಯ ಮೇಲೆ ಇರುತ್ತವೆ. ಪ್ರಸಾದ ಮುಗಿಸಿ ಹೊರಡುವ ಮುನ್ನ ದಯವಿಟ್ಟು ಒಂದು ಚಿತ್ರದ ಮುಂದೆ ನಿಂತು, ಬರೆದ ಮಗುವನ್ನು ಹುಡುಕಿ ಒಂದು ಪ್ರಶ್ನೆ ಕೇಳಿ. ಉತ್ತರ ಕನ್ನಡದಲ್ಲೇ ಬರುತ್ತದೆ, ಅದಕ್ಕೂ ಮಕ್ಕಳು ಅಭ್ಯಾಸ ಮಾಡಿದ್ದಾರೆ.