ಮೂರೇ ಗುಂಡಿಯ ವಾದ್ಯ

ಟೆಕ್ಸಾಸ್‌ನಲ್ಲಿ ಮಕ್ಕಳು ಬ್ಯಾಂಡ್‌ಗೆ ಸೇರುವುದು ಆರನೇ ತರಗತಿಯಲ್ಲಿ. ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಫ್ಲವರ್ ಮೌಂಡ್‌ನಲ್ಲಂತೂ ಬ್ಯಾಂಡ್ ಎಂದರೆ ಮನೆಮಂದಿಗೆಲ್ಲ ಕೆಲಸ. ಫ್ಲವರ್ ಮೌಂಡ್, ಮಾರ್ಕಸ್ ಎರಡೂ ಹೈಸ್ಕೂಲುಗಳಿಗೆ ದೊಡ್ಡ ಮಾರ್ಚಿಂಗ್ ಬ್ಯಾಂಡ್‌ಗಳಿವೆ. ಆಗಸ್ಟ್‌ನ ಸುಡುಬಿಸಿಲಲ್ಲಿ ಹೆಜ್ಜೆ ಹಾಕಿ ಕಲಿತದ್ದನ್ನು ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯದ ಬಿಡುವಿನಲ್ಲಿ ನುಡಿಸುತ್ತಾರೆ. ಇಂಥ ಮಕ್ಕಳಿಗೆ ವಾರಕ್ಕೊಮ್ಮೆ ಅರ್ಧ ಗಂಟೆ, ಒಬ್ಬೊಬ್ಬರಿಗೇ, ಟ್ರಂಪೆಟ್ ಹೇಳಿಕೊಡುವ ಮೇಷ್ಟ್ರು ನಾನು.

ಊರು ಮೈಸೂರು. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಪೊಲೀಸ್ ಬ್ಯಾಂಡ್ ಕೇಳಿ ಬೆಳೆದವನು. ಅರಮನೆಯಲ್ಲಿ ಹುಟ್ಟಿ ಆಮೇಲೆ ಪೊಲೀಸ್ ಇಲಾಖೆಗೆ ಸೇರಿದ ವಾದ್ಯವೃಂದ ಅದು. ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೋಫೋನ್ ಹುಚ್ಚು ಹತ್ತಿದ್ದು ಅರಮನೆ ಬ್ಯಾಂಡ್ ಕೇಳಿಯೇ. (ಸ್ಯಾಕ್ಸೋಫೋನ್ ಮೈಯೆಲ್ಲ ಹಿತ್ತಾಳೆಯಾದರೂ ನಮ್ಮ ಕುಲದ್ದಲ್ಲ. ಅದರಲ್ಲಿ ನಡುಗುವುದು ಬಾಯಿಗಿಟ್ಟ ರೀಡ್. ನಮ್ಮಲ್ಲಿ ನಡುಗಬೇಕಾದ್ದು ತುಟಿ.) ನನಗೆ ಕಲಿಸಿದ ನಿವೃತ್ತ ಬ್ಯಾಂಡ್ ವಾದಕರು ಬಹಳ ದಿನ ವಾದ್ಯವನ್ನೇ ಕೈಗೆ ಕೊಡದೆ ಬರೀ ಹಾಡಿಸಿದರು. ಆಮೇಲೆ ಡೆಂಟನ್‌ನ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದೆ. 1947ರಷ್ಟು ಹಿಂದೆಯೇ ಜಾಝ್‌ಗೆ ಪದವಿ ತರಗತಿ ತೆರೆದ ಜಾಗ. ಅಲ್ಲೂ ಮೊದಲ ಪಾಠ ಅದೇ: ಹಾಡಿ ತೋರಿಸು, ಆಮೇಲೆ ಊದು.

ಟ್ರಂಪೆಟ್‌ಗೆ ಇರುವುದು ಮೂರೇ ಗುಂಡಿ. ಒಂದನ್ನೂ ಒತ್ತದೆ ಸ, ಪ, ಮೇಲಿನ ಸ, ಗ, ಪ ಇಷ್ಟೂ ಬರುತ್ತವೆ. ಯಾವುದು ಬರಬೇಕೆಂಬುದು ತುಟಿ ಮತ್ತು ಉಸಿರಿನ ಕೈಯಲ್ಲಿದೆ. ಅವೆರಡಕ್ಕೂ ಅಪ್ಪಣೆ ಕೊಡುವುದು ಕಿವಿ. ಸ್ವರ ಕಿವಿಯಲ್ಲಿ ಕೂರದ ಹುಡುಗ ಪಂಚಮಕ್ಕೆಂದು ಊದುತ್ತಾನೆ, ಷಡ್ಜ ಬರುತ್ತದೆ. ರೇಗಿ ಮೌತ್‌ಪೀಸನ್ನು ತುಟಿಗೆ ಒತ್ತುತ್ತಾನೆ. ಒತ್ತಿದರೆ ಸ್ವರವೇನೋ ಏರುತ್ತದೆ, ಆದರೆ ತುಟಿಗೆ ರಕ್ತ ಹರಿಯದೆ ಸ್ವಲ್ಪ ಹೊತ್ತಿಗೇ ಸೋಲುತ್ತದೆ. ಬೆರಳು ಕಲಿಸುವುದಕ್ಕೆ ನಾನು ಅವಸರ ಮಾಡದಿರುವುದು ಇದಕ್ಕೇ.

ಕರ್ನಾಟಕ ಸಂಗೀತದ ಕ್ಲಾಸಿಗೂ ಹೋಗುವ ಕನ್ನಡದ ಹುಡುಗಿಯೊಬ್ಬಳು ಒಂದನೆಯ, ಮೂರನೆಯ ಗುಂಡಿ ಒತ್ತಿ ಕೆಳಗಿನ ರಿ ನುಡಿಸಿ ಮುಖ ಸಿಂಡರಿಸಿದಳು. “ಅಂಕಲ್, ಇದು ಸರಿಯಿಲ್ಲ.” ನಿಜ. ಆ ಎರಡು ಗುಂಡಿಗಳ ಕೊಳವೆ ಒಟ್ಟು ಸೇರಿದರೂ ಬೇಕಾದ ಉದ್ದಕ್ಕೆ ತುಸು ಕಮ್ಮಿ. ಸ್ವರ ಚೂರು ಮೇಲಾಗುತ್ತದೆ. ಎಡಗೈ ಉಂಗುರದ ಬೆರಳಿನಿಂದ ಮೂರನೆಯ ಗುಂಡಿಯ ಸ್ಲೈಡ್, ಅಂದರೆ ಜಾರುವ ಕೊಳವೆ, ಹೊರಗೆ ತಳ್ಳಲು ಹೇಳಿದೆ. ಎಷ್ಟು ಎಂದು ಹೇಳಲಿಲ್ಲ. ತಳ್ಳುತ್ತಾ ಹೋಗಿ, ಸ್ವರ ಕೂತ ಕಡೆ ತಾನೇ ನಿಲ್ಲಿಸಿದಳು. ಇದೇ ಹುಡುಗಿ ಮಾರ್ಚ್ ನುಡಿಸುವಾಗ ಸ್ವರದಿಂದ ಸ್ವರಕ್ಕೆ ಜಾರುತ್ತಾಳೆ. ಗಮಕ ಮನೆಯಲ್ಲಿಟ್ಟು ಬಾ ಎಂದು ಪ್ರತಿವಾರ ಹೇಳುತ್ತೇನೆ.

ನಮ್ಮ ಅಪ್ಪ-ಅಮ್ಮಂದಿರಿಗೆ ಬೇಕಾದ್ದು ಲೆಕ್ಕ. “ದಿನಾ ಎಷ್ಟು ಗಂಟೆ ಸಾರ್? ಆಲ್‌ಸ್ಟೇಟ್ ಸಿಗತ್ತಾ?” ರೀಜನ್, ಏರಿಯಾ ಆಡಿಷನ್‌ಗಳನ್ನು ದಾಟಿದವರು ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಆಲ್‌ಸ್ಟೇಟ್ ಬ್ಯಾಂಡ್‌ನಲ್ಲಿ ನುಡಿಸುತ್ತಾರೆ. ಇನ್ನು ಗಂಟೆಯ ಲೆಕ್ಕ: ವೀಣೆಯಾದರೆ ಬೆಳಗಿಂದ ಸಂಜೆಯವರೆಗೆ ಕೂತು ಸಾಧನೆ ಮಾಡಿಸಬಹುದು. ತುಟಿ ಮಾಂಸಖಂಡ; ಊದಿದಷ್ಟೇ ಹೊತ್ತು ಸುಮ್ಮನಿರಬೇಕು. ಸುಮ್ಮನಿರುವುದಕ್ಕೂ ಫೀಸು ಕೊಡಬೇಕೆ ಎಂಬ ಪ್ರಶ್ನೆ ಕೆಲವರ ಮುಖದಲ್ಲಿ ಕಾಣುತ್ತದೆ. ಮೊಮ್ಮಗ ಟ್ರಂಪೆಟ್‌ನಿಂದ ಕಾರ್ಪೆಟ್ ಮೇಲೆ ಎಂಜಲು ಸುರಿಸುತ್ತಾನೆಂದು ದೂರುವ ಅಜ್ಜಿಯರಿಗೆ, ಅದು ಹೆಚ್ಚಿನಂಶ ಉಸಿರಿನ ಆವಿ ತಣಿದ ನೀರು ಎಂದು ಒಪ್ಪಿಸುವುದು ನನ್ನಿಂದಾಗದ ಕೆಲಸ.

ಅದಕ್ಕಿಂತ ದೊಡ್ಡ ತಲೆನೋವು ಹಲ್ಲಿನ ಕ್ಲಿಪ್. ಹಾಕಿಸಿಕೊಂಡಾಗ ತಂತಿ ತುಟಿಗೆ ಚುಚ್ಚುತ್ತದೆ. ಹೇಗೋ ಒಗ್ಗಿಕೊಳ್ಳುವ ಹೊತ್ತಿಗೆ ತೆಗೆಯುತ್ತಾರೆ. ತುಟಿಗೆ ಆನಿಕೆಯೇ ಬದಲಾಗಿ, ಮತ್ತೆ ಮೆತ್ತಗೆ ಉದ್ದ ಸ್ವರಗಳಿಂದ ಶುರುಮಾಡಬೇಕು. ಈ ಸಲ ಒಬ್ಬ ಹುಡುಗನ ತಾಯಿಗೆ, ಆಡಿಷನ್ ಮುಗಿದ ಮೇಲೆ ತೆಗೆಸಿ ಎಂದೆ. “ಅಷ್ಟರೊಳಗೆ ನನ್ನ ತಂಗಿ ಮದುವೆ ಇದೆಯಲ್ಲ ಸಾರ್, ಫೋಟೋದಲ್ಲಿ ಚೆನ್ನಾಗಿ ಕಾಣಬೇಡ್ವಾ?” ಎಂದರು. ಮಾತುಕತೆ ಇನ್ನೂ ನಡೆದಿದೆ.