ಕಾಣದ ಮೀನನ್ನು ಎಣಿಸುವ ವಿದ್ಯೆ

ಮಂಗಳೂರಿನಲ್ಲಿ 1969ರಲ್ಲಿ ಮೀನುಗಾರಿಕೆ ಕಾಲೇಜು ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಈ ಬಗೆಯ ಕಾಲೇಜುಗಳಲ್ಲಿ ಅದೇ ಮೊದಲನೆಯದು. ಮೀನು ಹಿಡಿಯುವುದನ್ನು ಕರಾವಳಿಯ ಮೊಗವೀರರಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಹಾಗಾದರೆ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷ ಕಲಿಯತಕ್ಕದ್ದೇನು?

ಮೀನಿನ ಅಂಗರಚನೆ, ಆಹಾರ, ರೋಗ, ಸಾಕಣೆ, ಸಂಸ್ಕರಣ ಮೊದಲಾದ ಅನೇಕ ವಿಷಯಗಳು ಪಾಠಕ್ರಮದಲ್ಲಿವೆ. ಇವುಗಳ ನಡುವೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ತಲೆಯೆತ್ತುತ್ತವೆ. ನೀರಿನೊಳಗೆ ಮೀನುಗಳು ಎಷ್ಟಿವೆ? ಅವುಗಳಲ್ಲಿ ಎಷ್ಟನ್ನು ಹಿಡಿದರೆ ಮುಂದೆ ಕೊರತೆಯಾಗದು? ಮೊದಲನೆಯದಕ್ಕೆ ಉತ್ತರ ದೊರೆಯದೆ ಎರಡನೆಯದಕ್ಕೆ ಉತ್ತರವಿಲ್ಲ.

ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ? ಒಂದು ಕೆರೆಯಿಂದ 100 ಮೀನುಗಳನ್ನು ಹಿಡಿದು, ಗುರುತು ಕಟ್ಟಿ, ಮರಳಿ ಬಿಟ್ಟೆವೆನ್ನೋಣ. ಅವು ಉಳಿದವುಗಳೊಡನೆ ಚೆನ್ನಾಗಿ ಬೆರೆತ ಮೇಲೆ ಪುನಃ ಬಲೆ ಬೀಸಿದಾಗ 80 ಮೀನುಗಳು ಸಿಕ್ಕಿ, ಅವುಗಳಲ್ಲಿ 20ಕ್ಕೆ ಗುರುತಿದ್ದಿತು. ಎಂದರೆ ಬಲೆಗೆ ಬಿದ್ದವುಗಳಲ್ಲಿ ನಾಲ್ಕರಲ್ಲೊಂದು ಗುರುತಿನ ಮೀನು. ಇಡೀ ಕೆರೆಯಲ್ಲಿಯೂ ಇದೇ ಪ್ರಮಾಣವಿರಬೇಕು. ಗುರುತಿನ ಮೀನುಗಳು 100. ಆದುದರಿಂದ ಒಟ್ಟು ಮೀನುಗಳು ಸುಮಾರು 400. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿಯು 19ನೆಯ ಶತಮಾನದ ಕೊನೆಯಲ್ಲಿ ಪ್ಲೇಸ್ ಎಂಬ ಚಪ್ಪಟೆ ಮೀನುಗಳಿಗೆ ಗುರುತು ಕಟ್ಟಿ ಈ ಮಾರ್ಗವನ್ನು ತೋರಿಸಿದನು. 1930ರಲ್ಲಿ ಅಮೆರಿಕದ ಲಿಂಕನ್ ಇದೇ ಲೆಕ್ಕವನ್ನು ಕಾಡುಬಾತುಗಳಿಗೆ ಅನ್ವಯಿಸಿದನು.

ವಾಚಕರು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಪಾತ್ರೆಯಲ್ಲಿ 400 ಹುಣಿಸೆಬೀಜಗಳನ್ನು ಹಾಕಿ, 100ಕ್ಕೆ ಸುಣ್ಣ ಬಳಿದು ಒಣಗಿಸಿ, ಕಲಸಿ, ನೋಡದೆ 80ನ್ನು ತೆಗೆಯಿರಿ. ಲೆಕ್ಕವು ನಿಜಕ್ಕೆ ಬಹಳಮಟ್ಟಿಗೆ ಸಮೀಪಕ್ಕೆ ಬರುವುದು. ಈಗ ಸುಣ್ಣದ ಬೀಜಗಳಲ್ಲಿ ಅರ್ಧದಷ್ಟನ್ನು ಒರಸಿಬಿಟ್ಟು ಮತ್ತೆ ಪರೀಕ್ಷಿಸಿರಿ. 20ರ ಬದಲು ಸುಮಾರು 10 ಮಾತ್ರ ಸಿಕ್ಕುವುವು. ಲೆಕ್ಕವು 800 ಎಂದು ಹೇಳುವುದು!

ವ್ಯಾಸಂಗದ ಸಾರವು ಇಲ್ಲಿದೆ. ಗುಣಾಕಾರ ಭಾಗಾಕಾರಗಳನ್ನು ಬಾಲಕನೂ ಮಾಡಬಲ್ಲನು. ಗುರುತು ಕಳಚಿತೆ, ಗುರುತಿನಿಂದಲೇ ಮೀನು ಸತ್ತಿತೆ, ಒಮ್ಮೆ ಸಿಕ್ಕಿದ ಮೀನು ಬಲೆಯನ್ನು ಕಂಡು ದೂರ ಸರಿಯಿತೆ ಎಂಬುದನ್ನು ಅರಿಯಲು ಮಾತ್ರ ಆ ಪ್ರಾಣಿಯ ಜೀವನವೇ ತಿಳಿದಿರಬೇಕು. ಕೆರೆಯ ಕಾಲುಭಾಗವನ್ನು ಹಿಡಿಯಬಹುದೆಂದು ನಿಯಮವಿದ್ದರೆ, 800ರ ತಪ್ಪು ಲೆಕ್ಕದಿಂದ 200 ಮೀನುಗಳನ್ನು ಹಿಡಿಯುವೆವು. ಅದು ಕೆರೆಯ ಅರ್ಧಭಾಗ.

ಸಮುದ್ರದ ಭೂತಾಯಿ ಮೀನುಗಳ ಅಪಾರವಾದ ಹಿಂಡಿಗೆ ಗುರುತು ಕಟ್ಟುವುದು ಸುಲಭವಲ್ಲ. ಶೀತದೇಶಗಳಲ್ಲಿ ಮೀನಿನ ಹುರುಪೆಯ ಮೇಲಣ ವರ್ಷದ ಬಳೆಗಳನ್ನೆಣಿಸಿ ವಯಸ್ಸನ್ನು ತಿಳಿಯುವರು. ಋತುಭೇದ ಕಡಮೆಯಿರುವ ನಮ್ಮ ಬೆಚ್ಚನೆಯ ನೀರಿನಲ್ಲಿ ಆ ಬಳೆಗಳು ಅಷ್ಟು ಸ್ಪಷ್ಟವಲ್ಲ. ಆದುದರಿಂದ ದಡಕ್ಕೆ ಬಂದ ಮೀನುಗಳ ಉದ್ದವನ್ನು ತಿಂಗಳು ತಿಂಗಳೂ ಅಳೆದು ಬೆಳವಣಿಗೆಯನ್ನು ಊಹಿಸಬೇಕಾಗುವುದು. ಬೆಳಗಿನ ಬಂದರಿನಲ್ಲಿ ಅಳತೆಪಟ್ಟಿ ಹಿಡಿದು ನಿಂತ ವಿದ್ಯಾರ್ಥಿಯ ಕೆಲಸ ಇದೇ.

ಪೀಟರ್ಸನ್ನನ ಲೆಕ್ಕವು ಕಾಡಿಗೂ ಬಂದಿದೆ. ಡಾ. ಉಲ್ಲಾಸ ಕಾರಂತರು ಮೊದಲು ಇಂಜಿನಿಯರಿಂಗ್ ಓದಿ, ಅನಂತರ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾನಿಲಯದಲ್ಲಿ ವನ್ಯಜೀವಿಶಾಸ್ತ್ರವನ್ನು ಅಭ್ಯಾಸ ಮಾಡಿದವರು. 1990ರ ದಶಕದಲ್ಲಿ ಅವರು ನಾಗರಹೊಳೆಯ ಹುಲಿಗಳನ್ನು ಇದೇ ತತ್ತ್ವದಿಂದ ಅಂದಾಜು ಮಾಡಿದರು. ಹುಲಿಗೆ ಗುರುತು ಕಟ್ಟಬೇಕಾಗಿಲ್ಲ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ಅದು ಕಳಚುವುದೂ ಇಲ್ಲ. ತಾನಾಗಿ ಚಿತ್ರ ತೆಗೆಯುವ ಕ್ಯಾಮರಾವೇ ಬಲೆ. ಎರಡು ಪಕ್ಕಗಳ ಪಟ್ಟೆ ಒಂದೇ ತೆರನಾಗಿರದ ಕಾರಣ ದಾರಿಯ ಎರಡೂ ಬದಿಗೆ ಕ್ಯಾಮರಾ ಇಡಬೇಕು.

ಪ್ರಾಣಿಗಳ ಮೇಲಿನ ಪ್ರೀತಿಯಿಂದ ಈ ವ್ಯಾಸಂಗಕ್ಕೆ ಬರುವವರು ಬಹುಮಂದಿ. ಅದು ಒಳ್ಳೆಯದೇ. ಆದರೆ ಗಣಿತವನ್ನು ಬಿಟ್ಟು ಬರಬಾರದೆಂದು ನಾವು ಅವರಿಗೆ ಹೇಳುತ್ತೇವೆ. ಲೆಕ್ಕ ತಪ್ಪಿದರೆ ದಂಡ ತೆರುವುದು ಮೊದಲು ಮೀನು. ಅನಂತರ ಮೀನನ್ನೇ ನಂಬಿದ ಮನೆ.