ನಮ್ಮ ಜಿಲ್ಲೆಯ ಸಾರಿಗೆ

ಸಾರಿಗೆಯು ಸ್ಥಳದ ಅಡಚಣೆಯನ್ನು ನಿವಾರಿಸುತ್ತದೆ ಎಂದು ವಾಣಿಜ್ಯ ಪಾಠದಲ್ಲಿ ಓದಿದ್ದೇವೆ. ನಮ್ಮ ಜಿಲ್ಲೆಯನ್ನೇ ಉದಾಹರಣೆಯಾಗಿ ನೋಡೋಣ.

ರೈಲು: ಗದಗ ಜಂಕ್ಷನ್‌ನಿಂದ ಹುಬ್ಬಳ್ಳಿ, ಗುಂತಕಲ್ಲು, ಸೊಲ್ಲಾಪುರದ ಕಡೆಗೆ ಹಳಿಗಳಿವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ರೈಲಿಲ್ಲ.

ರಸ್ತೆ: ಹುಬ್ಬಳ್ಳಿ, ಗದಗ, ಕೊಪ್ಪಳವನ್ನು ರಾಷ್ಟ್ರೀಯ ಹೆದ್ದಾರಿ 67 ಜೋಡಿಸುತ್ತದೆ. ಉಳಿದ ಮೂರು ಊರುಗಳವರಿಗೆ ಬಸ್ಸೇ ಆಧಾರ.

ಜಲಮಾರ್ಗ: ದಕ್ಷಿಣದ ಗಡಿಯಲ್ಲಿ ತುಂಗಭದ್ರೆ. ನಮ್ಮ ದಾದಿಯ ತವರು ಹೂವಿನಹಡಗಲಿ ಕಡೆ. ಹಿಂದೆ ಹರಿಗೋಲಿನಲ್ಲಿ ದಾಟುತ್ತಿದ್ದರಂತೆ. ಹೊಳೆ ತುಂಬಿದರೆ ತವರಿನ ದಾರಿ ಬಂದ್. ಈಗ ಕೊರ್ಲಹಳ್ಳಿಯ ಸೇತುವೆಯಿದೆ.

ನಾನು ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿ.ಮೀ. ಬರುತ್ತೇನೆ. ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ಹೋಯಿತು. ಜೊತೆಗೆ ಬರುತ್ತಿದ್ದ ಗೆಳತಿಗೆ ಒಳ್ಳೆಯ ಅಂಕಗಳಿದ್ದವು. ಸಂಜೆ ಮನೆ ಸೇರುವಾಗ ಕತ್ತಲಾಗುತ್ತದೆಂದು ಮನೆಯವರು ಓದು ಬಿಡಿಸಿದರು. ಸಾರಿಗೆಯ ವೆಚ್ಚ ಬರೆಯುವಾಗ ಅವಳನ್ನೂ ಲೆಕ್ಕಕ್ಕೆ ಹಿಡಿಯಬೇಕು.